ಬಿಸಿ ತಟ್ಟದ ಕೈ

"ಮುದ್ದೆ ಮುಟ್ಟಿಗಿಟ್ಟೀಯೇ ಮುಂಡೆ. ಎದ್ದೋಗೇ ಆಚೆ."

ಕೋದಂಡಪ್ಪ ಸೌಟು ಎತ್ತಿದ್ದ. ಮುತ್ಯಾಲಮ್ಮನ ಅಂಗೈಯಲ್ಲಿ ಅರ್ಧ ಕಟ್ಟಿದ ಮುದ್ದೆ ಹಬೆಯಾಡುತ್ತಿತ್ತು.

ನಿನ್ನೆಯವರೆಗೂ ಇದೇ ಬಾಯಿ ಬೇರೆ ರಾಗ ಹಾಡುತ್ತಿತ್ತು. ಬಂಗಾರಪೇಟೆ ಸ್ಟೇಷನ್ ಎದುರಿನ ಅವನ ಹೋಟೆಲಿನಲ್ಲಿ ಆರು ವರ್ಷದಿಂದ ಮುದ್ದೆ ಕಟ್ಟುವವಳು ಇವಳೇ. ಉಳಿದ ಹೆಂಗಸರು ತಣ್ಣೀರಿಗೆ ಕೈ ಅದ್ದಿ ಅದ್ದಿ ಕಟ್ಟುತ್ತಾರೆ. ಇವಳಿಗೆ ಎರಡು ವರ್ಷದಿಂದ ನೀರೇ ಬೇಡ. ಗಿರಾಕಿಗಳನ್ನು ಒಳಗೆ ಕರೆದು ತೋರಿಸುತ್ತಿದ್ದ: "ನೋಡ್ರಪ್ಪ, ಇವ್ಳಿಗೆ ಬಿಸಿ ತಟ್ಟೋದೇ ಇಲ್ಲ. ಹೆಸ್ರಿಗೆ ತಕ್ಕಂಗೆ ಊರಮ್ಮ ಮುತ್ಯಾಲಮ್ಮನೇ ಕೈಗೆ ಬಂದು ಕೂತವ್ಳೆ." ಬೊಬ್ಬೆ ಎದ್ದರೆ ಅರಿಶಿನ ಮೆತ್ತಿ ಮತ್ತೆ ಕೂರಿಸುತ್ತಿದ್ದ.

ಇವಳೂ ನಂಬಿದ್ದಳು, ಪಾಪ. ಗಣಿ ಕಾರ್ಮಿಕರ ಕೋರಮಂಡಲ್ ಲೈನಿನ ಮನೆಯಲ್ಲಿ ಒಂದು ಮಾತಿಗೂ ಜನವಿಲ್ಲ. ಅಮ್ಮನಾದರೂ ಜೊತೆಗಿದ್ದಾಳಲ್ಲ ಎಂದು ಎರಡೂ ಕೈ ಎದೆಗಿಟ್ಟುಕೊಂಡು ಮಲಗುತ್ತಿದ್ದಳು.

ಹೋದ ವಾರ ಆಶಾ ಕಾರ್ಯಕರ್ತೆ ಅರುಣಕುಮಾರಿ ಮನೆಗೆ ಬಂದಳು. ಮೊಣಕೈ ಹತ್ತಿರದ ಬಿಳಿ ಮಚ್ಚೆ ನೋಡಿ, ಇವಳ ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ತಾಗಿಸಿದಳು.

"ಎಲ್ಲಿ ಮುಟ್ದೆ ಯೋಳಕ್ಕ."

"ನೀನಿನ್ನೂ ಮುಟ್ಟೇ ಇಲ್ವಲ್ಲಮ್ಮ."

ಆಸ್ಪತ್ರೆಯಲ್ಲಿ ಕುಷ್ಠ ಎಂದರು. ಕಣ್ಣಿಗೆ ಕಾಣದ ಹುಳ, ನರದೊಳಗೆ ಕೂತು ಕೈಯ ಅರಿವನ್ನೇ ತಿಂದಿದೆಯಂತೆ. ಮಾತ್ರೆ ಶುರುವಾದರೆ ಇನ್ನೊಬ್ಬರಿಗೆ ಅಂಟುವುದಿಲ್ಲವಂತೆ. ಮುತ್ಯಾಲಮ್ಮನಿಗೆ ಕೇಳಿಸಿದ್ದು ಒಂದೇ. ಇಷ್ಟು ದಿನ ಕೈಯಲ್ಲಿದ್ದದ್ದು ಅಮ್ಮನಲ್ಲ. ಆ ದಿನ ಅತ್ತಷ್ಟು ಗಂಡ ಸತ್ತಾಗಲೂ ಅತ್ತಿರಲಿಲ್ಲ.

ಬಚ್ಚಿಡಬಾರದೆಂದು ಇವತ್ತು ತಾನೇ ಬಾಯಿಬಿಟ್ಟಳು. ಅದೇ ತಪ್ಪಾಯಿತು.

"ಮಾತ್ರೆ ನುಂಗ್ತಾ ಇವ್ನಿ ಅಣ್ಣ. ಅಂಟಲ್ಲಂತೆ. ಬೇರೆ ಕೆಲ್ಸಾನಾದ್ರೂ ಕೊಡಿ."

"ಥೂ. ಕುಷ್ಠದ ಕೈಲಿ ತಿನ್ನಿಸ್ದೆಯಲ್ಲೇ ನಂಗೆ."

"ಬೆಂದಿರೋ ಕೈಗೆ ಅರಿಶಿನ ಮೆತ್ತಿ ಕಟ್ಟಿಸ್ದೋರು ನೀವೇ ಅಲ್ವಾ?"

ಗಿರಾಕಿಗಳು ತಟ್ಟೆ ಬಿಟ್ಟು ಎದ್ದರು. ಜೊತೆಯ ಹೆಂಗಸರು ಗೋಡೆಗೆ ಒತ್ತಿ ನಿಂತರು. ಆರು ವರ್ಷ ಇವಳ ಜೊತೆ ಎಲೆಅಡಿಕೆ ಹಂಚಿಕೊಂಡವರು.

ಮುತ್ಯಾಲಮ್ಮ ಅರ್ಧ ಕಟ್ಟಿದ್ದ ಮುದ್ದೆಯನ್ನು ಸಾವಕಾಶವಾಗಿ ಉಂಡೆ ಮಾಡಿದಳು. ತಟ್ಟೆಗಿಟ್ಟು ಅವನ ಮೇಜಿನ ಮೇಲಿಟ್ಟಳು.

"ತಿನ್ಲಾ."

ಧಣಿಗೆ ಲಾ ಅಂದದ್ದು ಅದೇ ಮೊದಲು. ಅವನು ಹಿಂದಕ್ಕೆ ಸರಿದ ರಭಸಕ್ಕೆ ಕುರ್ಚಿ ಉರುಳಿತು.

ಅವಳು ಅದೇ ತಟ್ಟೆ ಎತ್ತಿಕೊಂಡು ಗಿರಾಕಿಗಳ ಬೆಂಚಿನಲ್ಲಿ ಕೂತಳು. ಒಂದು ತುತ್ತು ಮುರಿದು ಬಾಯಿಗಿಟ್ಟಳು. ನಾಲಿಗೆ ಚುರ್ ಎಂದಿತು. ಸುಟ್ಟದ್ದು ಗೊತ್ತಾಯಿತು. ಹುಳ ಇಲ್ಲಿಗೆ ಬಂದಿಲ್ಲ. ಕಣ್ಣಲ್ಲಿ ನೀರಾಡಿತು.

ಹೋಟೆಲಿನಲ್ಲಿ ಅವಳ ಹತ್ತಿರ ಯಾರೂ ಇರಲಿಲ್ಲ. ಇನ್ನೂ ಸೌಟು ಹಿಡಿದಿದ್ದ ಕೋದಂಡಪ್ಪನಿಗೆ ತಲೆ ಎತ್ತದೆ ಅಂದಳು:

"ಸಾರು ಆಕು."