ಹುಸೇನನ ಮಣ್ಣಿಗೆ ಸಾರಿದ ಡಂಗುರ

ಕಮಲಾಪುರದಲ್ಲಿ ಎಮ್ಮೆ ತಪ್ಪಿಸಿಕೊಂಡರೂ, ಯಾರಾದರೂ ಸತ್ತರೂ ಊರಿಗೆ ತಿಳಿಯುತ್ತಿದ್ದುದು ಡಂಗುರ ಸಾರುವ ದತ್ತಪ್ಪನ ಹಲಗೆಯ ಬಡಿತದಿಂದ. ನಿಜಾಮನ ಕಡೆಯ ರಜಾಕಾರರು ಮನೆ ಮನೆ ಹೊಕ್ಕು ಕಾಳು ಹೊತ್ತೊಯ್ಯುತ್ತಿದ್ದ ಕಾಲದಲ್ಲಿ ಅವರ ಹುಕುಮನ್ನೂ ಅವನೇ ಸಾರಬೇಕಾಗಿತ್ತು. ಸಾರದಿದ್ದರೆ ಬೆನ್ನಿಗೆ ಬಾರುಕೋಲು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಊರ ಮುಂದಿನ ರಸ್ತೆ ಹಿಡಿದು ಕಲಬುರಗಿಗೆ ಹೋಯಿತು. ರಜಾಕಾರರು ಓಡಿಹೋದರು. ಓಡುವಂಥ ತಪ್ಪೇನೂ ಮಾಡದ ಮುಸಲ್ಮಾನರು ಊರಲ್ಲೇ ಉಳಿದರು. ಅರಳೆ ಹಿಂಜುವ ಹುಸೇನ ಹಾಗೆ ಉಳಿದವನು. ಫೌಜು ದಾಟಿದ ಮೇಲೆ ಪರವೂರಿನ ಕೆಲವರು, ಊರಿನ ಕೆಲವರು ಕೊಡಲಿ ಹಿಡಿದು ಅವನ ಓಣಿಗೆ ನುಗ್ಗಿದರು. ಪಾಟೀಲ ಖಂಡೆಪ್ಪನ ತಮ್ಮನೂ ಅವರಲ್ಲಿದ್ದ. ಹುಸೇನ ಹೆಂಡತಿ ಮಸ್ತಾನಬಿಯನ್ನು ಹಿತ್ತಲಿನಿಂದ ಸಜ್ಜೆಯ ಹೊಲಕ್ಕೆ ಓಡಿಸಿ, ತಾನು ಬಾಗಿಲಿಗೆ ಅಡ್ಡ ನಿಂತ. ಮರುದಿನ ಮುಂಜಾನೆಯೂ ಅವನ ಹೆಣ ಆ ಬಾಗಿಲಲ್ಲೇ ಬಿದ್ದಿತ್ತು.

ಅಂದು ಪಾಟೀಲ ದತ್ತಪ್ಪನನ್ನು ಕರೆಸಿ, ಊರು ಶಾಂತವಾಗಿದೆ, ಎಲ್ಲರೂ ಅಂಗಡಿ ತೆಗೆಯಲಿ ಎಂದು ಸಾರಲು ಹೇಳಿದ. ದತ್ತಪ್ಪ ಹೋಗದೆ ಅಲ್ಲೇ ನಿಂತ.

"ಹುಸೇನಂದೂ ಸಾರ್ಲೇನ್ರೀ?"

"ಅವಂದೇನು ಸಾರ್ತಿ? ಹೇಳಿದಷ್ಟು ಮಾಡು."

ಊರ ಅಗಸೆಬಾಗಿಲ ತನಕ ಅವನು ಹೇಳಿದಷ್ಟೇ ಮಾಡಿದ. ಅಲ್ಲಿಂದ ಹುಸೇನನ ಬಾಗಿಲು ಕಾಣುತ್ತಿತ್ತು. ನಾಯಿಯೊಂದು ಹೆಣದ ಹತ್ತಿರ ಸುಳಿದಾಡುತ್ತಿತ್ತು. ಅವನು ಕಲ್ಲೆಸೆದು ನಾಯಿಯನ್ನು ಓಡಿಸಿದ. ಆಮೇಲೆ ಹಲಗೆಯ ಬಡಿತ ಬದಲಾಯಿತು.

"ಹುಸೇನ ತೀರಿಕೊಂಡಾನ್ರೆಪ್ಪೋ. ಮಣ್ಣಿಗಿ ಬರ್ರೀ."

ಓಣಿ ಓಣಿ ತಿರುಗಿ ಕೂಗಿದ. ತೆರೆದ ಬಾಗಿಲುಗಳೂ ಮುಚ್ಚಿಕೊಂಡವು. ಬಂದವನು ಗಾಣದ ಸೂಗಪ್ಪನೊಬ್ಬನೇ. ಹೆಗಲ ಮೇಲೆ ಸಲಿಕೆ ಹೊತ್ತು ಬಂದ.

ಸಜ್ಜೆಯ ಹೊಲದಲ್ಲಿ ಅಡಗಿದ್ದ ಮಸ್ತಾನಬಿಗೂ ಆ ಕೂಗು ಮುಟ್ಟುತ್ತದೆಂಬುದು ದತ್ತಪ್ಪನಿಗೆ ಹೊಳೆದಿರಲಿಲ್ಲ. ಹಗಲು ಹೊತ್ತಿನಲ್ಲಿ, ತಲೆಯ ಮೇಲೆ ಸೆರಗಿಲ್ಲದೆ, ಅವಳು ನಡುಬೀದಿಯಲ್ಲಿ ನಡೆದು ಬಂದಳು. ಕಟ್ಟೆಯ ಮೇಲೆ ಕುಳಿತಿದ್ದ ಪಾಟೀಲನ ತಮ್ಮ ಎದ್ದು ನಿಂತ. ಸೂಗಪ್ಪ ಸಲಿಕೆ ಹಿಡಿದುಕೊಂಡೇ ಅವರಿಬ್ಬರ ನಡುವೆ ಹೋಗಿ ನಿಂತ. ಎಣ್ಣೆಗೆ ಊರೆಲ್ಲ ಸೂಗಪ್ಪನ ಮನೆಗೇ ಹೋಗಬೇಕು. ಅವನ ಮೈಮೇಲೆ ಕೈ ಮಾಡುವುದು ಸುಲಭವಿರಲಿಲ್ಲ. ಪಾಟೀಲನ ತಮ್ಮ ಉಗುಳಿ ಮತ್ತೆ ಕುಳಿತ.

ದತ್ತಪ್ಪ, ಸೂಗಪ್ಪ ಇಬ್ಬರೂ ಸೇರಿ ಹುಸೇನನನ್ನು ಮಣ್ಣು ಮಾಡಿದರು. ಮಣ್ಣಿನ ಹೊತ್ತಿನ ನಮಾಜು ಓದಿಸಬೇಕಾದ ಮುಲ್ಲಾ ಊರು ಬಿಟ್ಟು ಹೋಗಿದ್ದ. ಮಸ್ತಾನಬಿ ದೂರದಲ್ಲಿ ಕುಳಿತು ತನಗೆ ಬಂದಷ್ಟು ಹೇಳಿಕೊಂಡಳು.

ಮರುದಿನ ಸೂಗಪ್ಪನ ಗಾಡಿಯಲ್ಲಿ ಜೋಳದ ದಂಟಿನ ಕಣಿಕೆಯ ಕೆಳಗೆ ಅವಳನ್ನು ಮಲಗಿಸಿಕೊಂಡು ದತ್ತಪ್ಪ ಕಲಬುರಗಿಗೆ ಹೊರಟ. ದರ್ಗಾದ ಹತ್ತಿರ ಅವಳ ಅಣ್ಣ ಸಲಾವುದ್ದೀನನ ಮನೆಯಿತ್ತು. ದಾರಿಯಲ್ಲಿ ಜನರಿಲ್ಲದ ಕಡೆ ಗಾಡಿ ನಿಲ್ಲಿಸಿ ನೀರು ಕೊಟ್ಟ. ಅವಳು ಕುಡಿಯಲಿಲ್ಲ.

"ನೀ ಸಾರಬಾರದಿತ್ತು, ದತ್ತಣ್ಣ," ಎಂದಳು. "ಎಲ್ಲ್ಯೋ ಓಡಿಹೋಗ್ಯಾನ, ಜೀವಂತ ಅದಾನ ಅಂತ ತಿಳ್ಕೊಂಡೇ ಇರ್ತಿದ್ದೆ."

ಹೆಣ ನಾಯಿಯ ಪಾಲಾಗುತ್ತಿತ್ತು ಎನ್ನಲು ದತ್ತಪ್ಪನಿಗೆ ಬಾಯಿ ಬರಲಿಲ್ಲ. ಎತ್ತುಗಳನ್ನು ಹೊಡೆದ.

ಸಲಾವುದ್ದೀನ ತಂಗಿಯನ್ನು ಒಳಗೆ ಕರೆದುಕೊಂಡು ಕದ ಹಾಕಿದ. ದತ್ತಪ್ಪನನ್ನು ಕೂರು ಎನ್ನಲಿಲ್ಲ. ದತ್ತಪ್ಪನೂ ಅದನ್ನು ಬಯಸಿರಲಿಲ್ಲ.

ಊರಿಗೆ ಮರಳಿದಾಗ ಪಾಟೀಲ ಹಲಗೆಯ ಕೆಲಸವನ್ನು ಬೇರೆಯವನಿಗೆ ವಹಿಸಿದ್ದ. ಸುಗ್ಗಿಯಲ್ಲಿ ಯಾವ ಕಣದಲ್ಲೂ ಯಾರೂ ದತ್ತಪ್ಪನಿಗೆ ಹಲಗೆಯ ಕೆಲಸದ ಪಾಲಿನ ಕಾಳು ಅಳೆದುಕೊಡಲಿಲ್ಲ. ಹೆಂಡತಿ ಮಾನಮ್ಮ ಅವನನ್ನು ಬಯ್ಯಲಿಲ್ಲ. ಪಾತ್ರೆಗಳನ್ನು ಕೌದಿಯಲ್ಲಿ ಕಟ್ಟಿಕೊಂಡು, ನಡೀರಿ ಎಂದಳು. ಕಲಬುರಗಿಯಲ್ಲಿ ಬೇಳೆ ಚೀಲ ಹೊರುವ ಕೆಲಸ ಸಿಕ್ಕಿತು. ಅಲ್ಲಿದ್ದಷ್ಟು ವರ್ಷವೂ ದತ್ತಪ್ಪ ಮಸ್ತಾನಬಿ ಇದ್ದ ದರ್ಗಾದ ಕಡೆ ಕಾಲಿಡಲಿಲ್ಲ.