ಬಂದ್ ಮಾಡಿದ್ದು ನಾನೇ

ಜನರೇಟರಿನ ದನಿ ಒಮ್ಮೆ ತಗ್ಗಿ ಮತ್ತೆ ಎದ್ದಿತು, ಎಸಿಯ ಭಾರ ಹೊತ್ತುಕೊಂಡಿತು ಅಂತ ಅರ್ಥ, ಇಷ್ಟು ತಿಳಿಯಲು ನನಗೆ ಕಂಪನಿಯ ಪುಸ್ತಕ ಬೇಕಿಲ್ಲ, ಮರುಳಸಿದ್ದಮ್ಮನ ಗಿರಣಿ ಎಂದರೆ ಕಂಪ್ಲಿಯಲ್ಲಿ ಕೂಸಿಗೂ ಗೊತ್ತು, ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಅಕ್ಕಿ ಧೂಳು ಕುಡಿದವಳು ನಾನು — ಆದರೆ ಮಗ ಈಶ್ವರನಿಗೆ ಅದೆಲ್ಲ ಹಳೇ ಕಥೆ, ಅವ್ವ, ಇದು ನಿನ್ನ ಗಿರಣಿ ಎಂಜಿನ್ ಅಲ್ಲ, ಕ್ಯಾರವಾನ್ ಇದು, ಗಾಲಿ ಮ್ಯಾಲಿನ ಮನಿ, ಎಲ್ಲಾ ಆಟೋಮ್ಯಾಟಿಕ್, ನೀ ಸುಮ್ನ ಕುಂದ್ರು. ಕುಂತಿದ್ದೇನಲ್ಲ, ಹಂಪಿಯ ಈ ಬಾಳೆ ತೋಟದ ಅಂಚಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎಸಿ ಗಾಳಿ ಮಂಡಿಗೆ ಆಗದು ಎಂದು ನೆಪ ಹೇಳಿ. ಮುಂದಿನ ತಿಂಗಳಿನಿಂದ ಟೂರಿಸ್ಟರಿಗೆ ಬಾಡಿಗೆಗೆ ಬಿಡುವ ಬಂಡಿಯಂತೆ, ಮೊದಲು ಮನೆಮಂದಿ ಕೂತು ನೋಡಬೇಕಂತೆ, ನೆರಳು ಸಿಗಲಿ ಎಂದು ಹಿಮ್ಮುಖವಾಗಿ ತಂದು ಬದುವಿಗೆ ಒತ್ತಿ ನಿಲ್ಲಿಸಿದ್ದಾನೆ, ಜನರೇಟರಿನ ಹೊಗೆಕೊಳವೆ ಅದೇ ಕಡೆಗಿದೆ, ಹೊಗೆ ಎಲ್ಲಿಗೆ ಹೋಗಬೇಕು ಲೇ, ತಿರುಗಿಸಿ ನಿಲ್ಲಿಸು ಎಂದೆ, ಬಿಸಿಲಾಗ್ತದ ಅಂದ. ಸೊಸೆ ತ್ರಿವೇಣಿ ನಕ್ಕಳು. ನಗಲಿ. ಆಗಲೇ ಪೂಜಿತಾ ಕೆಳಗಿಳಿದು ಬಂದದ್ದು, ಎಂಟು ವರ್ಷದ ಮೊಮ್ಮಗಳು, ಹಣೆ ಹಿಡಿದುಕೊಂಡು, ಅಜ್ಜಿ, ತಲಿ ಭಾಳ ನೋಯ್ತದ, ವಾಂತಿ ಬಂದಂಗ ಆಗ್ತದ, ಒಳಗಿನಿಂದ ತ್ರಿವೇಣಿ ಕೂಗಿದಳು, ಬಜಾರದಾಗ ಬಿಸಲಾಗ ಅಡ್ಡಾಡೀಯಲ್ಲ, ಅದಕ್ಕ, ಬಾ ಒಳಗ, ತಂಪಿನಾಗ ಮಲಕ್ಕೋ, ಹುಡುಗಿ ಹೋದಳು, ಬಾಗಿಲು ಮುಚ್ಚಿತು, ಅರ್ಧ ತಾಸಾಯಿತು, ಒಳಗಿರುವ ಮಗ, ಸೊಸೆ, ಮೊಮ್ಮಗಳು ಮೂವರದೂ ಸದ್ದಿಲ್ಲ. ಒಳಗೆ ಮಲಕ್ಕೋ. ಒಳಗೆ. ಈ ಮಾತು ನಾನೂ ಆಡಿದ್ದೇನೆ, ಎರ್ರಿಯಪ್ಪನಿಗೆ, ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಎರ್ರಿಯಪ್ಪನಿಗೆ, ಆವತ್ತು ಕರೆಂಟಿಲ್ಲ, ಶೆಡ್ಡಿನಲ್ಲಿ ಪೆಟ್ರೋಲ್ ಜನರೇಟರ್, ಮಳೆಯ ಎರಚಲು ಎಂದು ಕಿಟಕಿ ಹಾಕಿದ್ದೆವು, ಅಮ್ಮಾರ, ತಲಿ ಹಿಡದಂಗ ಆಗೈತ್ರಿ ಎಂದು ಹೊರಗೆ ಬಂದು ನಿಂತಿದ್ದ, ಮಳೆಯಲ್ಲಿ ನೆನೀಬ್ಯಾಡೋ, ಒಳಗ ಕುಂದ್ರು, ಚಾ ಕಳಸ್ತೀನಿ ಎಂದವಳು ನಾನೇ, ಚಾ ಆರಿಹೋಯಿತು, ಅವನು ಚೀಲಕ್ಕೆ ಒರಗಿ ಕೂತೇ ಇದ್ದ, ಜೀವ ಹೋಗಿತ್ತು, ಕೆನ್ನೆ ಮಾತ್ರ ಕೆಂಪಗೆ. ನಾನೇ ಕಳಿಸಿದೆ ಅವನನ್ನು ಒಳಗೆ.

ಎದ್ದೇ ಬಿಟ್ಟೆ, ಮಂಡಿ ಯಾರಿಗೆ ಬೇಕು, ಬಾಗಿ ನೋಡಿದರೆ ಬದುವಿಗೆ ಬಡಿದ ಹೊಗೆ ಬಂಡಿಯ ಹೊಟ್ಟೆಯಡಿಗೇ ಮರಳಿ ನುಗ್ಗುತ್ತಿದೆ, ಭಾರ ಇಳಿಸಿ ಆಮೇಲೆ ಬಂದ್ ಮಾಡಬೇಕು ಎಂದು ಊರಿಗೆಲ್ಲ ಪಾಠ ಹೇಳಿದವಳು ಎಸಿ ಓಡುತ್ತಿರುವಾಗಲೇ ಕೆಂಪು ಗುಂಡಿ ಒತ್ತಿದೆ, ಕೆಟ್ಟರೆ ಕೆಡಲಿ, ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ, ಈಶ್ವರ ಕೆಂಗಣ್ಣು ಮಾಡಿಕೊಂಡು ತೆರೆದ, ಏನ್ ಮಾಡ್ದಿ ಅವ್ವ, ಹೊಸಾ ಮಷೀನು, ಅವನನ್ನು ದಾಟಿ ಒಳಗೆ ಹೋದೆ, ಪೂಜಿತಾ ಕರೆದರೆ ಓಗೊಡಲಿಲ್ಲ, ಕಂಕುಳಿಗೆ ಕೈ ಹಾಕಿ ಎಳೆದೆ, ಎಳೆದು ಬಾಳೆಯ ನೆರಳಿಗೆ ತಂದು ತೊಡೆಯ ಮೇಲೆ ಹಾಕಿಕೊಂಡೆ, ತ್ರಿವೇಣಿ ತೂರಾಡುತ್ತ ಇಳಿದಳು, ಅತ್ತಿ, ಕೂಸಿಗೆ ನಿದ್ದಿ ಹತ್ತಿತ್ರಿ ಈಗ, ಎಂಥಾ ನಿದ್ದಿ ಇದು, ಎಬ್ಬಿಸಿ ನೋಡು ಎಂದೆ, ಎಬ್ಬಿಸಿದಳು, ಅಲುಗಾಡಿಸಿದಳು, ಹುಡುಗಿ ವಾಂತಿ ಮಾಡಿಕೊಂಡು ನರಳಿದ ಮೇಲೆ ಆ ಹೆಣ್ಣುಮಗಳು ಫೋನು ಹುಡುಕಿ ಆಂಬುಲೆನ್ಸಿಗೆ ಹಚ್ಚಿದಳು. ಈಶ್ವರ ಮಾತ್ರ ಸೋಲುವವನಲ್ಲ, ನನ್ನ ಮಗನೇ ಅಲ್ಲವೇ, ಬಿಸಲಿಗೆ ಆಗೇತಿ ಅವ್ವ, ಹೊಗಿ ಇದ್ರ ವಾಸ್ನಿ ಬರ್ತಿದ್ದಿಲ್ಲೇನು, ವಾಸನೆ ಇಲ್ಲದ ವಿಷವೂ ಇದೆ ಹೊಗೆಯಲ್ಲಿ, ಅದನ್ನು ಹಿಡಿಯಲೆಂದೇ ಗೋಡೆಯ ಮೇಲೊಂದು ಬಿಳಿ ಡಬ್ಬಿ ಕೊಟ್ಟಿರುತ್ತಾರಲ್ಲ, ಎಲ್ಲಿ ಅದು ಎಂದೆ. ಐತಿ. ಸೆಲ್ ತಗದೀನಿ. ಯಾಕ? ಬಂಡಿ ಪೂಜಿ ದಿನ ಲೋಬಾನದ ಹೊಗಿಗೆ ಬಡ್ಕೊಳ್ಳಾಕ ಹತ್ತಿತ್ತು, ಸ್ವಾಮ್ಯಾರಿಗೆ ಮಂತ್ರ ಹೇಳಾಕ ಬಿಡ್ಲಿಲ್ಲ, ಟಿವಿ ರಿಮೋಟಿಗೆ ಹಾಕೀನಿ. ಕೂಗುವುದೇ ಅದರ ಕೆಲಸ, ಕೂಗಿತೆಂದು ಬಾಯಿ ಕಟ್ಟಿದ. ಹಾಕು ಎಂದೆ, ಈಗ್ಲೇ ಹಾಕು, ನನ್ನ ಮುಂದ. ಹಾಕಿದ, ನನ್ನನ್ನು ಸುಳ್ಳು ಮಾಡಲೆಂದೇ ಹಾಕಿದ, ಕೈ ಚಾಚಿ ಒಳಗೆ ತೂಗು ಬಿಟ್ಟು ತಂಪು ಹೋಗ್ತದ ಎಂದು ಬಾಗಿಲು ಬೇರೆ ಎಳೆದ, ಒಂದು ನಿಮಿಷ, ಎರಡು, ಮೂರು, ಬಾಳೆ ಎಲೆಯ ಸಪ್ಪಳ ಬಿಟ್ಟರೆ ಏನಿಲ್ಲ, ನೋಡಿದೇನು ಅವ್ವ ಎನ್ನುವಷ್ಟರಲ್ಲಿ ಒಳಗಿನಿಂದ ಬಂತು, ನಾಲ್ಕು ಕೂಗು, ಚೂರು ಬಿಡುವು, ನಾಲ್ಕು ಕೂಗು, ಅವನ ಮುಖದ ರಕ್ತವೇ ಇಳಿಯಿತು, ಬಾಗಿಲು ಕಿತ್ತು ತೆರೆದು ಡಬ್ಬಿ ಹೊರಗೆ ತಂದ, ಆದರೂ ಅಭ್ಯಾಸಬಲ, ಹೆಬ್ಬೆರಳು ಸೆಲ್ಲಿನ ಮುಚ್ಚಳ ಹುಡುಕುತ್ತಿದೆ — ಮುಟ್ಟಬ್ಯಾಡ ಅದನ್ನ. ಅವ್ವ, ಸಾಕು ಅನಸ್ತದ. ಸಾಕಾಗಿಲ್ಲ. ತೊಡೆಯ ಮೇಲೆ ಪೂಜಿತಾಳ ಉಸಿರು ಬಿಸಿಯಾಗಿ ನನ್ನ ಮಣಿಕಟ್ಟಿಗೆ ತಾಗುತ್ತಿದೆ, ಅವನು ಡಬ್ಬಿ ಹಿಡಿದು ನಿಂತೇ ಇದ್ದಾನೆ, ನಾಲ್ಕು ಕೂಗು, ಬಿಡುವು, ಉಸಿರು ತಾಗುತ್ತಿದೆ, ನಾಲ್ಕು ಕೂಗು, ತಾಗುತ್ತಿದೆ, ನಾಲ್ಕು ಕೂಗು, ಕೂಗಲಿ.