‘ಸಾಕು’ ಎನ್ನಬಾರದ ಮನೆ

ಈಗ ಹೇಳಹೊರಟಿರುವುದು ನಡೆದ ಸಂಗತಿ. ಸುಳ್ಳಿನ ಹಾಗೆ ಕೇಳಿಸಿದರೆ ತಪ್ಪು ನಡೆದದ್ದರದು, ಹೇಳಿದವರದ್ದಲ್ಲ.

ಆ ಹೊಲಿಗೆ ಅಂಗಡಿಯ ಹಿಂದಿನ ಮನೆಯಲ್ಲಿ ‘ಸಾಕು’ ಎಂಬ ಮಾತಿಗೆ ಪ್ರವೇಶವಿರಲಿಲ್ಲ. ಬಡಿಸುವ ಕೈಯನ್ನು ತಡೆಯಬೇಕಾದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಅಷ್ಟೆ. ಮರೆತು ಯಾರಾದರೂ ‘ಸಾಕು’ ಅಂದರೋ, ಮನೆಯ ಯಜಮಾನ ಟೈಲರು ಕನ್ನಡಕದ ಮೇಲಿನಿಂದ ನೋಡಿ, “ಇನ್ನೊಂದಾ? ಇರೋ ಒಂದನ್ನ ಸಾಕೋದ್ರಲ್ಲೇ ಸಾಕುಸಾಕಾಗಿದೆ ಕಣಪ್ಪ,” ಎಂದು ಶುರುಮಾಡುತ್ತಿದ್ದರು. ಮೊದಲ ಸಲ ಕೇಳಿದಾಗ ಜೋಕು ಚೆನ್ನಾಗಿತ್ತು. ಆಮೇಲೆ ಅದಕ್ಕೆ ಹೆದರಿಯೇ ಜನ ಬಾಯಿ ಮುಚ್ಚಿ ಕೈ ಚಾಚುವುದನ್ನು ಕಲಿತರು.

ಮೊದಲ ಸಲ ಎಂದರೆ ಗುಂಡಿ ಮನೆಗೆ ಬಂದ ದಿನ. ಶಾಲೆಯ ಯೂನಿಫಾರಂಗಳ ಭರಾಟೆ. ಟೈಲರಮ್ಮ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮಷಿನ್ ತುಳಿಯುತ್ತಿದ್ದರು. ಟೈಲರು ಲೈನಿಂಗ್ ಬಟ್ಟೆ ತರಲು ಹೋದವರು ಚೀಲದಲ್ಲಿ ಒಂದು ನಾಯಿಮರಿ ತಂದು ಕತ್ತರಿಸುವ ಮೇಜಿನ ಮೇಲೆ ಬಿಟ್ಟರು. ಮರಿ ಮೇಜಿನ ಮೇಲಿದ್ದ ಪ್ಯಾಂಟಿನ ಬಟ್ಟೆಗೆ ಆ ಕ್ಷಣವೇ ತನ್ನ ಗುರುತು ಹಾಕಿತು. ಟೈಲರಮ್ಮ ಸೂಜಿಗಳನ್ನೆಲ್ಲ ಉಗಿದು, “ಮನುಷ್ಯರಿಗೇ ಕಾಲು ಚಾಚೋಕೆ ಜಾಗ ಇಲ್ಲ ಇಲ್ಲಿ! ನಿಮ್ಮ ಆಟ ಸಾಕು!” ಎಂದು ಕೂಗಿದರು.

ಟೈಲರು ಮುಖದ ಒಂದು ಗೆರೆಯೂ ಅಲುಗದ ಹಾಗೆ, ಆಗಿನ್ನೂ ಹೈಸ್ಕೂಲಿನಲ್ಲಿದ್ದ ಮಗನ ಕಡೆ ತಿರುಗಿ, “ಕೇಳಿಸ್ತೇನೋ? ನಿಮ್ಮಮ್ಮ ಅಪ್ಪಣೆ ಕೊಟ್ಟಾಯ್ತು. ‘ಸಾಕು’ ಅಂದ್ಲು. ಸಾಕೋಣ,” ಅಂದರು.

ಮಗ ಬಿದ್ದು ಬಿದ್ದು ನಕ್ಕ. ಅಳತೆ ಕೊಡಲು ಬಂದವರೂ ನಕ್ಕರು. ನಗದೆ ಉಳಿದವರು ಟೈಲರಮ್ಮ ಒಬ್ಬರೇ. ಅಂದು ಮಾತ್ರವಲ್ಲ, ಆ ಜೋಕಿಗೆ ಅವರು ಎಂದೂ ನಗುತ್ತಿರಲಿಲ್ಲ. “ಮೋಸ ಹೋದವಳು ನಾನು, ಹಲ್ಲು ಕಿರಿಯೋರು ನೀವು,” ಎಂದು ಗೊಣಗುತ್ತಲೇ ಮರಿಗೆ ಹಳೆ ಕೋಟಿನ ತೋಳುಗಳನ್ನು ಜೋಡಿಸಿ ಹಾಸಿಗೆ ಹೊಲಿದುಕೊಟ್ಟವರೂ ಅವರೇ.

ಮೂಗು ಕೋಟಿನ ಗುಂಡಿಯ ಹಾಗೆ ದುಂಡಗೆ, ಕಪ್ಪಗೆ ಇದ್ದದ್ದರಿಂದ ಹೆಸರು ಗುಂಡಿ. ದಿನಾ ಸಂಜೆ ಟೈಲರು ದೊಡ್ಡ ಕತ್ತರಿಯನ್ನು ಗಾಳಿಯಲ್ಲಿ ‘ಕಚಕ್ ಕಚಕ್’ ಅನ್ನಿಸಿ, ನಡುಮನೆಯ ಮೊಳೆಗೆ ನೇತುಹಾಕಿ, ಒಂದು ಕೆಮ್ಮು ಕೆಮ್ಮಿ, “ಬಾರೇ ಗುಂಡೀ, ಕಾಜ ಹುಡುಕೋಣ!” ಎಂದು ಕೂಗುತ್ತಿದ್ದರು. ಗುಂಡಿ ಎಂದ ಮೇಲೆ ತೂರಿಕೊಳ್ಳಲು ಕಾಜ ಬೇಡವೇ? ಕಾಜ ಹುಡುಕುವ ನೆಪದಲ್ಲಿ ಇಬ್ಬರೂ ಬೀದಿಯ ಪ್ರತಿ ಕಂಬವನ್ನೂ ವಿಚಾರಿಸಿಕೊಂಡು ಕತ್ತಲಾಗುವ ಹೊತ್ತಿಗೆ ಮರಳುತ್ತಿದ್ದರು.

ಟೈಲರು ತೀರಿಕೊಂಡು ಎರಡನೇ ವರ್ಷ. ಗುಂಡಿಯ ಮುಖವೆಲ್ಲ ನರೆತಿತ್ತು. ಕಣ್ಣುಗಳಲ್ಲಿ ಪೊರೆ ಬಂದು ಹಾಲಿನ ಬಣ್ಣ. ಈಗ ಕಿಡ್ನಿ ಬೇರೆ ಕೈಕೊಟ್ಟಿತ್ತು.

ಮಗನಿಗೆ ಇಷ್ಟರಲ್ಲಿ ‘ನಕಲಿ’ ಎಂಬ ಹೆಸರು ಗಟ್ಟಿಯಾಗಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಇಡೀ ತರಗತಿಗೆ ರಜೆ ಘೋಷಿಸಿದ ಪುಣ್ಯಾತ್ಮ. ಪದವಿ ಮುಗಿಸಿ ಅಂಗಡಿಯ ಎದುರುಗಡೆಯೇ ಜೆರಾಕ್ಸ್ ಅಂಗಡಿ ತೆರೆದ. “ಬಾಯಿಂದಲೂ ನಕಲು, ಕೈಯಿಂದಲೂ ನಕಲು. ನನ್ನಲ್ಲಿ ಅಸಲಿ ಅಂತ ಇರೋದು ಹೊಟ್ಟೆ ಒಂದೇ,” ಎನ್ನುತ್ತಿದ್ದ. ಪ್ರಾಣಿ ವೈದ್ಯೆಯನ್ನೂ ಅವನು ಬಿಟ್ಟಿರಲಿಲ್ಲ. ಡಾಕ್ಟರಮ್ಮ ಏನನ್ನೇ ಹೇಳಿದರೂ ಮೂಗಿನಲ್ಲಿ ಎಳೆದು “ನೋಡೋಣ್ವಾ?” ಎಂದು ಮುಗಿಸುವವರು. ಮನೆಗೆ ಬಂದ ನಕಲಿ ಅದೇ ಮೂಗಿನಲ್ಲಿ, “ಈ ಮಾತ್ರೆ ಕೊಟ್ಟು ನೋಡೋಣ್ವಾ? ಆಮೇಲೆ ನೀರು ಏರಿಸಿ ನೋಡೋಣ್ವಾ?” ಅಂದರೆ ಟೈಲರಮ್ಮ, “ಬಾಯಿ ಮುಚ್ಚೋ, ಪಾಪ, ಒಳ್ಳೆ ಹೆಂಗಸು,” ಎಂದು ಗದರಿಸುತ್ತ ನಗುತ್ತಿದ್ದರು.

ಒಂದು ದಿನ ಡಾಕ್ಟರಮ್ಮ ‘ನೋಡೋಣ್ವಾ’ ಅನ್ನಲಿಲ್ಲ. ಗುಂಡಿಯ ಒಸಡು ಎತ್ತಿ ನೋಡಿದರು, ಬೆನ್ನಿನ ಚರ್ಮ ಹಿಡಿದೆಳೆದು ಬಿಟ್ಟರು. ಎಳೆದ ಚರ್ಮ ಕೆಳಗಿಳಿಯಲು ಮರೆತು ಹಾಗೇ ನಿಂತುಕೊಂಡಿತು.

“ನೋಡೋದೆಲ್ಲ ನೋಡಿ ಆಯ್ತು,” ಅಂದರು. “ಇನ್ನು ನೀವು ನೋಡ್ಕೊಳ್ಬೇಕು. ಯಾರೂ ಕರೀದೆ, ಎತ್ತದೆ, ತಾನಾಗಿ ಎದ್ದು ಬಟ್ಟಲ ಹತ್ರ ಹೋಗ್ತಾಳಲ್ಲ, ಅಲ್ಲೀವರೆಗೂ ಅವಳಿಗೆ ಇರೋ ಮನಸ್ಸಿದೆ ಅಂತ. ಅದು ನಿಂತ ದಿನ ಫೋನ್ ಮಾಡಿ. ನಾನೇ ಬರ್ತೀನಿ. ನೋವಾಗದ ಹಾಗೆ ಕಳಿಸಿಕೊಡೋಣ.”

ಟೈಲರಮ್ಮ ಆ ಮಾತನ್ನು ಬಟ್ಟೆಗೆ ಚಾಕ್ ಗುರುತು ಹಾಕಿದ ಹಾಗೆ ಮನಸ್ಸಿಗೆ ಹಾಕಿಕೊಂಡರು. ಮಧ್ಯಾಹ್ನ ಅಡುಗೆಮನೆಯಲ್ಲಿ ಬಟ್ಟಲು ಇಟ್ಟು ಮುಂದಿನ ಅಂಗಡಿಗೆ ಹೋಗಿ ಮಷಿನ್ ಮುಂದೆ ಕೂರುತ್ತಿದ್ದರು. ಮಗ ಊಟಕ್ಕೆ ಬಂದು ಕೈತೊಳೆದು ಹೊರಟಾಗ, ತಲೆ ಎತ್ತದೆ, “ತಿಂದ್ಲಾ?” ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಗುಂಡಿ ಏಳಲಿಲ್ಲ. ನಡುಮನೆಯ ಹಾಸಿಗೆಯಲ್ಲಿ ಗಲ್ಲ ಊರಿ ಮಲಗಿತ್ತು. ಬೇಯಿಸಿದ ಮೊಟ್ಟೆಯ ವಾಸನೆ ಮೂಗಿನವರೆಗೂ ಬಂದು ವಾಪಸು ಹೋಯಿತು. ನಕಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ. ಮುಂದೆ ಮಷಿನ್ ಗಡಗಡ ಅನ್ನುತ್ತಿತ್ತು. ಇನ್ನೇನು, ತಾನು ಹೊರಗೆ ಹೋಗಬೇಕು, ಅಮ್ಮ ಕೇಳಬೇಕು, ತಾನು ‘ಇಲ್ಲ’ ಅನ್ನಬೇಕು. ಆ ಎರಡಕ್ಷರ ಯಾರ ದನಿಯಲ್ಲಿ ಹೇಳಿದರೂ ತನ್ನದೇ ಆಗಿಬಿಡುತ್ತದೆ. ಕಾಲು ತಾನಾಗಿ ಮೊಳೆಯ ಹತ್ತಿರ ಹೋಯಿತು. ಅಪ್ಪನ ಕತ್ತರಿ ಕೆಳಗಿಳಿದು ಅಡುಗೆಮನೆಗೆ ಬಂತು.

ಕಚಕ್ ಕಚಕ್. ಒಂದು ಕೆಮ್ಮು.

“ಬಾರೇ ಗುಂಡೀ, ಕಾಜ ಹುಡುಕೋಣ!”

ಅಪ್ಪನ ದನಿಯನ್ನು ಅವನು ಅದುವರೆಗೆ ತೆಗೆದಿರಲಿಲ್ಲ. ಬಾಯಿಂದ ಹೊರಬಿದ್ದದ್ದು ಕೇಳಿ ಅವನೇ ಹಿಂದೆ ತಿರುಗಿ ನೋಡಿದ. ಗುಂಡಿಯ ಕಿವಿ ನಿಮಿರಿತು. ಮುಂಗಾಲು ಊರಿತು, ಹಿಂಗಾಲು ಜಾರಿತು, ಮತ್ತೆ ಊರಿತು. ಬಾಲದ ತುದಿ ನೆಲಕ್ಕೆ ಎರಡು ಸಲ ಬಡಿಯಿತು. ತೂರಾಡುತ್ತ ದನಿ ಬಂದ ದಿಕ್ಕಿಗೆ ನಡೆದು ಬಂದು, ಅವನ ಕಾಲನ್ನು ಮೂಸಿತು. ತಡೆದು ನಿಂತಿತು. ಆಮೇಲೆ, ಬಂದ ತಪ್ಪಿಗೆ ಎಂಬಂತೆ, ಬಟ್ಟಲಿಗೆ ಬಾಯಿ ಹಾಕಿತು.

“ತಿಂದ್ಲಾ?”

“ತಿಂದ್ಲು.”

“ತಾನಾಗಿ?”

“ಮತ್ತೆ? ಕೈಹಿಡಿದು ಕರ್ಕೊಂಡು ಬಂದ್ನಾ?” ಎಂದು ನಕಲಿ ತನ್ನ ಅಂಗಡಿಗೆ ದಾಟಿಕೊಂಡ.

ಒಂದು ದಿನದ ಸುಳ್ಳು ಎಂದುಕೊಂಡಿದ್ದ. ಆದರೆ ಸುಳ್ಳೂ ಒಂದು ಸಾಕುಪ್ರಾಣಿ. ಹೊತ್ತು ಹೊತ್ತಿಗೆ ಹಾಕುತ್ತಿರಬೇಕು. ಮರುದಿನವೂ ಕತ್ತರಿ ಇಳಿಯಿತು, ಅದರ ಮರುದಿನವೂ. ಗುಂಡಿ ಪ್ರತಿ ಸಲವೂ ಎದ್ದಿತು, ಪ್ರತಿ ಸಲವೂ ಅವನ ಕಾಲು ಮೂಸಿ ಒಂದು ಗಳಿಗೆ ನಿಂತಿತು. ತಿಂದದ್ದನ್ನು ಸಂಜೆಯೊಳಗೆ ಕಕ್ಕುತ್ತಿತ್ತು. ಅವನು ಅಮ್ಮ ನೋಡುವ ಮೊದಲೇ ಒರೆಸುತ್ತಿದ್ದ. ಪಕ್ಕೆಲುಬುಗಳು ಒಂದೊಂದಾಗಿ ಹೊರಗೆ ಬಂದವು. ಹಿತ್ತಲಿನ ಮೂಲೆ ಕಣ್ಣಿಗೆ ಬಿದ್ದಾಗೆಲ್ಲ, ಅಲ್ಲಿ ಒಂದು ದಿನ ತೋಡಬೇಕಾಗಿರುವುದಕ್ಕೂ ಒಳಗೆ ಮಲಗಿರುವುದಕ್ಕೂ ಒಂದೇ ಹೆಸರು ಎನ್ನುವುದು ಹೊಳೆಯುತ್ತಿತ್ತು. ಶ್ಲೇಷೆ ಸಿಕ್ಕಿದರೆ ಬೀದಿಗೆಲ್ಲ ಹಂಚಿ ಬರುತ್ತಿದ್ದವನು ಇದೊಂದನ್ನು ಯಾರಿಗೂ ಹೇಳದೆ ನುಂಗಿಕೊಂಡ.

ಇನ್ನೊಂದು ವಿಷಯವನ್ನು ಅವನು ಗಮನಿಸಿದ್ದ, ತಲೆಗೆ ಹಚ್ಚಿಕೊಂಡಿರಲಿಲ್ಲ. ಅವನು ಕೂಗುವ ಹೊತ್ತಿಗೆ ಸರಿಯಾಗಿ ಮುಂದಿನ ಮಷಿನ್ ನಿಲ್ಲುತ್ತಿತ್ತು. ದಾರ ಬದಲಿಸುತ್ತಿರಬೇಕು ಎಂದುಕೊಂಡಿದ್ದ.

ಆ ದಿನ ಮೋಡ ಕವಿದಿತ್ತು. ಕತ್ತರಿ ಕಚಕ್ ಅಂದಿತು, ಕೆಮ್ಮು ಬಂತು, ಕರೆ ಹೋಯಿತು. ಗುಂಡಿ ಎದ್ದು ನಿಲ್ಲುವಷ್ಟರಲ್ಲಿ ಮೂರು ಸಲ ಕುಸಿಯಿತು. ನಿಂತದ್ದು ಅಡುಗೆಮನೆ ಕಡೆಗೆ ತಿರುಗಲಿಲ್ಲ. ಗೋಡೆಗೆ ಮೈ ಉಜ್ಜಿಕೊಂಡು ಮುಂದಕ್ಕೆ, ಅಂಗಡಿಯ ಕಡೆಗೆ, ಹೆಜ್ಜೆ ಹೆಜ್ಜೆಯಾಗಿ ನಡೆಯಿತು. ನಕಲಿ ಬೆರಗಾಗಿ ಹಿಂದೆ ಹೋದ. ಗುಂಡಿ ಮಷಿನನ್ನು ಹಾದು, ಟೈಲರಮ್ಮನ ಕಾಲನ್ನು ಹಾದು, ಬೀದಿ ಬಾಗಿಲಿನ ಹೊಸ್ತಿಲಿಗೆ ಮುಖ ಮಾಡಿ ನಿಂತಿತು. ಕತ್ತು ಎತ್ತಿ ಹಿಡಿಯಿತು, ಕೊರಳಿಗೆ ಪಟ್ಟಿ ಕಟ್ಟಿಸಿಕೊಳ್ಳುವವರ ಹಾಗೆ. ಯಾರೂ ಕಟ್ಟಲಿಲ್ಲ. ಹಾಗೇ ಕಾದಿತು. ಹಿಂಗಾಲು ಅಗಲವಾಗುತ್ತ ಹೋಗಿ, ನಿಂತಲ್ಲೇ ಒದ್ದೆ ಮಾಡಿಕೊಂಡು, ಆ ಒದ್ದೆಯಲ್ಲೇ ಕುಸಿದು ಕೂತಿತು. ಕತ್ತು ಮಾತ್ರ ಇಳಿಸಲಿಲ್ಲ.

ನಕಲಿಯ ಕೈಯಲ್ಲಿ ಕತ್ತರಿ ಇನ್ನೂ ಇತ್ತು. ಬಚ್ಚಿಡಲು ಹೊತ್ತಿರಲಿಲ್ಲ.

“ಅಮ್ಮಾ, ನಾನು...”

“ಗೊತ್ತು,” ಅಂದರು ಟೈಲರಮ್ಮ. ನೆಲಕ್ಕೆ ಕೂತು, ಕೈಗೆ ಸಿಕ್ಕಿದ ಬಟ್ಟೆಯಿಂದ ಗುಂಡಿಯ ತೊಡೆ ಒರೆಸತೊಡಗಿದರು. “ಅಡುಗೆಮನೇಲಿ ನಿಂತ್ಕೊಂಡು ಕರೀತೀಯಲ್ಲೋ ಪೆದ್ದೇ. ನಿಮ್ಮಪ್ಪಂಗೆ ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ಗೊತ್ತಿತ್ತಾ?”

“ಮೊದಲ ದಿನಾನೇ ಗೊತ್ತಾಯ್ತಾ?”

“ಆ ಕರೆ ಊಟದ್ದಲ್ಲ ಕಣೋ. ವಾಕಿಂಗಿಂದು. ದಿನಾ ಅವಳನ್ನ ತಿರುಗಾಟಕ್ಕೆ ಕರೆದು ಮೊಟ್ಟೆ ತೋರಿಸ್ತಿದ್ದೀಯ. ಅವಳೂ ಪಾಪ, ದಾಕ್ಷಿಣ್ಯಕ್ಕೆ ತಿಂತಿದ್ಲು.”

ನಕಲಿಯ ಕಾಲು ಮೂಸಿ ಗುಂಡಿ ನಿಲ್ಲುತ್ತಿದ್ದ ಆ ಒಂದೊಂದು ಗಳಿಗೆಯೂ ಸಾಲಾಗಿ ಬಂದು ಎದೆಯ ಮೇಲೆ ಕೂತವು.

“ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?”

ಟೈಲರಮ್ಮ ಒರೆಸಿದ್ದನ್ನೇ ಒರೆಸಿದರು. “ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ನಂಗೂ ಕೇಳಬೇಕಿತ್ತು. ಕೆಮ್ಮು ಥೇಟ್ ಅವರದ್ದೇ.” ಬಟ್ಟೆ ಮಗುಚಿ ಹಿಡಿದು, “ಹೋಗೋಳನ್ನ ಹೋಗೋಕೆ ಬಿಡ್ದೆ, ಅವಳ ಕಾಲು ತುಳಿದು ನಾವಿಬ್ರೂ ನಿಂತ್ಕೊಂಡಿದ್ದೀವಿ, ನೋಡು,” ಅಂದರು.

ಫೋನ್ ಇಬ್ಬರ ನಡುವೆ ಮೇಜಿನ ಮೇಲಿತ್ತು.

“ನೀನೇ ಮಾಡು,” ಅಂದರು ಅಮ್ಮ.

“ನೀನು ಹೇಳು, ಮಾಡ್ತೀನಿ.”

“ನಾನೇನು ಹೇಳ್ಲಿ? ಓದಿದೋನು ನೀನು.”

“ಕಾಲೇಜಲ್ಲಿ ಇದನ್ನ ಹೇಳಿಕೊಡ್ಲಿಲ್ಲಮ್ಮ.”

“ನಾಳೆ ಎದ್ರೆ?”

“ಎದ್ರೆ?”

ಗುಂಡಿ ಹೊಸ್ತಿಲನ್ನೇ ನೋಡುತ್ತಿತ್ತು, ಕಾಣದ ಕಣ್ಣಿನಿಂದ. ಕೊನೆಗೆ ಫೋನ್ ಮಾಡಿದವನು ನಕಲಿ. ಡಾಕ್ಟರಮ್ಮ ಎತ್ತಿಕೊಂಡಾಗ ಅವನಿಗೆ ತನ್ನದೇ ದನಿ ಎಲ್ಲಿಟ್ಟಿದ್ದೇನೆಂದು ತಿಳಿಯದೆ, “ಮೇಡಂ, ಗುಂಡಿ...” ಎಂದಷ್ಟೇ ಹೇಳಿದ. ಅವರಿಗೆ ಅಷ್ಟರಲ್ಲೇ ಅರ್ಥವಾಯಿತು.

ಸಂಜೆ ಬಂದರು. ಚಪ್ಪಲಿ ಬಿಟ್ಟು, ಹೊಸ್ತಿಲ ಬಳಿಯೇ, ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಕೂತರು. ಗುಂಡಿಯನ್ನು ಅಲ್ಲಿಂದ ಏಳಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅದರ ತಲೆ ಟೈಲರಮ್ಮನ ಮಡಿಲಲ್ಲಿತ್ತು. ಮಗ್ಗುಲಲ್ಲಿ ಬಟ್ಟಲು, ಅದರಲ್ಲಿ ಮಧ್ಯಾಹ್ನದ ಮೊಟ್ಟೆ ಹಾಗೇ ಒಣಗಿತ್ತು. ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿದರು, ಹೊಟ್ಟೆ ಮುಟ್ಟಿದರು. ಮುಟ್ಟಿದಲ್ಲಿ ಗುಂಡಿ ಸಣ್ಣಗೆ ನರಳಿತು.

“ನೋವಿದೆ,” ಅಂದರು. “ಇವತ್ತು ನೀರು ಏರಿಸಿದ್ರೆ ನಾಕು ದಿನ ಎಳೀಬಹುದು. ಎಳೆಯೋದು ಅಷ್ಟೆ. ನಾನು ಹೇಳಬಾರ್ದು, ಮನೆಯೋರು ಹೇಳ್ಬೇಕು.”

ನಕಲಿ ನಡುಮನೆಯ ಗೋಡೆಯ ಕಡೆ ತಿರುಗಿದ. ಅಲ್ಲಿ ಕತ್ತರಿಯ ಮೊಳೆ ಖಾಲಿಯಾಗಿತ್ತು. ಟೈಲರಮ್ಮ ಗುಂಡಿಯ ಕಿವಿಯನ್ನು ಬೆರಳುಗಳ ನಡುವೆ ಮಡಿಸಿದರು, ಬಿಡಿಸಿದರು, ಅಂಚು ಹೊಲಿಯುವ ಮೊದಲು ಬಟ್ಟೆಯನ್ನು ಮಡಿಸುವ ಹಾಗೆ. ಆಮೇಲೆ, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ, ಆ ಮನೆಯಲ್ಲಿ ಯಾರೂ ಆಡದಿದ್ದ ಮಾತನ್ನು ಆಡಿದರು.

“ಸಾಕು.”

ಡಾಕ್ಟರಮ್ಮ ಮುಂದಕ್ಕೆ ಬಾಗಿದರು. ಇಂಥ ಮಾತು ತಪ್ಪಿ ಕೇಳಿಸಿದರೆ ತಿದ್ದಲು ಬರುವುದಿಲ್ಲ. ಆದ್ದರಿಂದ ಬಹಳ ಜಾಗ್ರತೆಯಿಂದ, ಬಹಳ ಮೃದುವಾಗಿ ಕೇಳಿದರು:

“ಸರಿಯಾಗಿ ಕೇಳಿಸ್ಲಿಲ್ಲಮ್ಮ. ಸಾಕು ಅಂದ್ರಾ, ಸಾಕ್ತೀನಿ ಅಂದ್ರಾ?”



ಟೈಲರಮ್ಮನ ಭುಜ ಅಲುಗಿತು. ಅಳುತ್ತಿದ್ದಾರೆಂದು ಮಗ ಓಡಿ ಬಂದ. ಅಳುವಲ್ಲ, ನಗು. ಮೊದಲು ಮೂಗಿನಲ್ಲಿ ‘ಫುಸ್’ ಅಂದಿತು, ಆಮೇಲೆ ಗಂಟಲಿಗೆ ಬಂತು, ಆಮೇಲೆ ಹಿಡಿತಕ್ಕೆ ಸಿಗಲಿಲ್ಲ. “ಅಯ್ಯೋ, ಈ ಮನುಷ್ಯ... ಹೋದ್ಮೇಲೂ... ಬಿಡ್ಲಿಲ್ಲ ನೋಡೋ ನನ್ನ...” ಎನ್ನುತ್ತ, ಕಣ್ಣಿಂದ ಧಾರಾಕಾರ ನೀರು ಸುರಿಸುತ್ತ, ಬೀದಿಗೆ ಕೇಳಿಸುವ ಹಾಗೆ ನಕ್ಕರು. ಮಗನೂ ನಕ್ಕ, ನಗಲಾರದೆ ನಕ್ಕ. ಏನೂ ತಿಳಿಯದ ಡಾಕ್ಟರಮ್ಮ ತಮ್ಮಿಂದ ಏನೋ ತಪ್ಪಾಯಿತೆಂದು ಇಬ್ಬರನ್ನೂ ನೋಡಿದರು. ಮಡಿಲಲ್ಲಿದ್ದ ಗುಂಡಿಯ ಕಿವಿ ಆ ಸದ್ದಿಗೆ ಒಮ್ಮೆ ನಿಮಿರಿ, ಮತ್ತೆ ಮಲಗಿತು.

“ಹೇಳಿ ಅಮ್ಮ,” ಅಂದರು ಡಾಕ್ಟರಮ್ಮ.

ಹೇಳಲು ಉಸಿರಿರಲಿಲ್ಲ. ಟೈಲರಮ್ಮ ಹಾಗೇ ಎಲ್ಲರಿಗಿಂತ ಜೋರಾಗಿ ನಗುತ್ತಲೇ, ಕೈ ಚಾಚಿ, ಗುಂಡಿಯ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದರು.